ಆಪರೇಷನ್ ಗಾಯಕ್ಕೆ ನಂಜಾಗದಂತೆ ನೋಡಿಕೊಳ್ಳುವುದು ಹೇಗೆ? ರೋಗಿಗೆ, ಜೊತೆಗಿರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ರೋಗಿ ಆಪರೇಷನ್ ಥಿಯೇಟರ್ ಒಳಗೆ ಇರುವುದು ಸಾಮಾನ್ಯವಾಗಿ ಒಂದೆರಡು ಗಂಟೆ. ಅದಕ್ಕೆ ಮುಂಚಿನ ಮೂರ್ನಾಲ್ಕು ವಾರ, ಆಮೇಲಿನ ಒಂದು ತಿಂಗಳು ಅವರು ಹೆಚ್ಚಾಗಿ ಮನೆಯವರ ಕೈಯಲ್ಲೇ ಇರುತ್ತಾರೆ. ಗಾಯಕ್ಕೆ ಕೀವು ತುಂಬಿದಾಗ ಎಲ್ಲರ ಬೆರಳು ತಿರುಗುವುದು ಥಿಯೇಟರ್ ಕಡೆಗೆ. ಕೆಲವು ಸಲ ಅದು ಸರಿಯೂ ಹೌದು. ಆದರೆ ಥಿಯೇಟರ್ ಒಳಗೆ ನಾವು ಕಾಲಿಡುವಂತಿಲ್ಲ. ಹೊರಗಿನದು ಮಾತ್ರ ನಮ್ಮದು, ಮತ್ತು ಅದು ಸಣ್ಣದಲ್ಲ.

ಜೇವರ್ಗಿ, ಆಳಂದ, ಚಿಂಚೋಳಿ, ಸುರಪುರ ಕಡೆಯಿಂದ ಕಲಬುರಗಿಗೆ ಬಂದು ಜಿಮ್ಸ್, ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆಗಳಲ್ಲೋ ಖಾಸಗಿ ನರ್ಸಿಂಗ್ ಹೋಮ್‌ನಲ್ಲೋ ಆಪರೇಷನ್ ಮಾಡಿಸಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ಗೆ ಹೋಗುವವರಿಗೂ ಇದೇ ಮಾತು.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಗಾಯಕ್ಕೆ ಸೇರುವ ರೋಗಾಣು ಬಹಳ ಸಲ ರೋಗಿಯ ಮೈಯಲ್ಲೇ ಇರುತ್ತದೆ. ಚರ್ಮದ ಮೇಲೆ, ಮೂಗಿನೊಳಗೆ, ಕರುಳಿನಲ್ಲಿ. ಸ್ಟೆಫೈಲೋಕಾಕಸ್ ಅನ್ನುವುದು ಎಷ್ಟೋ ಜನರ ಮೂಗಿನಲ್ಲಿ ಸುಮ್ಮನೆ ಕೂತಿರುತ್ತದೆ, ಏನೂ ತೊಂದರೆ ಕೊಡುವುದಿಲ್ಲ. ಚರ್ಮ ಕತ್ತರಿಸಿದಾಗ ಅದಕ್ಕೆ ದಾರಿ ಸಿಗುತ್ತದೆ. ಹಾಗಾಗಿ ತಯಾರಿ ಮೈಯಿಂದಲೇ ಶುರು.

ಆಪರೇಷನ್ ತಾರೀಖು ಸಿಕ್ಕ ದಿನದಿಂದ

ತುರ್ತು ಆಪರೇಷನ್ ಆದರೆ ಇದಕ್ಕೆಲ್ಲ ಟೈಮ್ ಇರುವುದಿಲ್ಲ. ಹರ್ನಿಯಾ, ಗರ್ಭಕೋಶ, ಪಿತ್ತಕೋಶ, ಮೊಣಕಾಲಿನ ಕೀಲು ಬದಲಿಸುವುದು, ಇಂಥವಕ್ಕೆ ಮಾತ್ರ ಕೆಲವು ವಾರ ಸಿಗುತ್ತವೆ.

ಸಕ್ಕರೆ ಕಾಯಿಲೆ ಇದ್ದವರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು ತುಂಬಾ ಜಾಸ್ತಿ ಬಂದರೆ ಡಾಕ್ಟರ್ ತಾರೀಖು ಮುಂದೂಡಬಹುದು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಾರೆ. ಆಪರೇಷನ್ ವೇಳೆಯಲ್ಲಿ, ಆಮೇಲೂ ರಕ್ತದ ಸಕ್ಕರೆ 200 ದಾಟದಂತೆ ನೋಡಿಕೊಳ್ಳಬೇಕು ಅನ್ನುವುದು ಡಾಕ್ಟರುಗಳು ಅನುಸರಿಸುವ ಒಂದು ಲೆಕ್ಕ. ಸಕ್ಕರೆ ಏರಿದರೆ ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಶಕ್ತಿ ಕುಗ್ಗುತ್ತದೆ. ಯಾವ ಮಾತ್ರೆಯನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನು ಡಾಕ್ಟರನ್ನೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮುಂಚೆ ಬಿಡಬೇಕು. ಹೊಗೆ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯದ ಅಂಚಿಗೆ ರಕ್ತ, ಆಮ್ಲಜನಕ ಸಾಲುವುದಿಲ್ಲ. "ನಾ ಬೀಡಿ ಸೇದಂಗಿಲ್ರಿ, ಬರೇ ಗುಟ್ಕಾ" ಅನ್ನುವವರು ಬಹಳ. ಗುಟ್ಕಾದಲ್ಲೂ ನಿಕೋಟಿನ್ ಇದೆ. ಅದನ್ನೂ ಬಿಡಿ.

ಮೈಮೇಲೆ ಎಲ್ಲಾದರೂ ಕುರು, ಕಜ್ಜಿ, ಕಾಲ್ಬೆರಳ ಸಂದಿಯಲ್ಲಿ ಹುಣ್ಣು, ಹುಳುಕು ಹಲ್ಲು, ಉರಿಮೂತ್ರ, ಕೆಮ್ಮು ಇದ್ದರೆ ಮುಚ್ಚಿಡಬೇಡಿ. ತಾರೀಖು ತಪ್ಪುತ್ತದೆ, ಮತ್ತೆ ಊರಿಂದ ಬರಬೇಕು ಅನ್ನುವ ಭಯಕ್ಕೆ ಜನ ಹೇಳುವುದೇ ಇಲ್ಲ. ಮುಖ್ಯವಾಗಿ ಮೊಣಕಾಲು, ಸೊಂಟದ ಕೀಲು ಹಾಕಿಸಿಕೊಳ್ಳುವವರಿಗೆ ಈ ಸಣ್ಣ ಕುರು ದೊಡ್ಡ ವಿಷಯ. ಹೊಸ ಕೀಲಿಗೆ ನಂಜು ತಗುಲಿದರೆ ಅದನ್ನೇ ತೆಗೆದು ಬೇರೆ ಹಾಕಬೇಕಾಗಬಹುದು.

ಹಿಂದಿನ ರಾತ್ರಿ ಮತ್ತು ಅವತ್ತು ಬೆಳಿಗ್ಗೆ

ಎರಡೂ ಹೊತ್ತು ಸೋಪು ಹಚ್ಚಿ ಸ್ನಾನ. ದುಬಾರಿ ಸೋಪು ಬೇಕಿಲ್ಲ, ಮನೆಯಲ್ಲಿರುವ ಮಾಮೂಲಿ ಸೋಪು ಸಾಕು. ಕಂಕುಳು, ತೊಡೆ ಸಂದಿ, ಎದೆಯ ಕೆಳಗಿನ ಮಡಿಕೆ, ಹೊಟ್ಟೆಯ ಮಡಿಕೆ, ಇವನ್ನು ಗಮನವಿಟ್ಟು ತೊಳೆಯಿರಿ. ಆಮೇಲೆ ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ. ಎಣ್ಣೆ, ಪೌಡರ್, ವಿಭೂತಿ, ಭಂಡಾರ ಯಾವುದೂ ಆಪರೇಷನ್ ಜಾಗಕ್ಕೆ ಬೇಡ.

ಇಲ್ಲಿ ಎಲ್ಲರೂ ಮರೆಯುವ ಜಾಗ ಹೊಕ್ಕಳು. ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಅಂದರೆ ಲ್ಯಾಪ್ರೋಸ್ಕೋಪಿ, ಬಹಳ ಸಲ ಹೊಕ್ಕಳಿನ ಪಕ್ಕದಿಂದಲೇ ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಅಲ್ಲಿ ಎಣ್ಣೆ, ಬೆವರು, ಬಟ್ಟೆಯ ನೂಲು ಸೇರಿ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ. ಥಿಯೇಟರ್ ಟೇಬಲ್ ಮೇಲೆ ಅದನ್ನು ಕಿತ್ತು ತೆಗೆಯುವ ಬದಲು ಮನೆಯಲ್ಲೇ ಮೂರ್ನಾಲ್ಕು ದಿನ ಮುಂಚೆಯಿಂದ ಸ್ವಲ್ಪ ಎಣ್ಣೆ ಬಿಟ್ಟು ಮೆತ್ತಗೆ ಮಾಡಿ, ಹತ್ತಿಯಿಂದ ನಿಧಾನವಾಗಿ ಒರೆಸಿ, ಸೋಪಿನಲ್ಲಿ ತೊಳೆದು ಒಣಗಿಸಿ. ಕಡ್ಡಿ, ಪಿನ್ನು ಹಾಕಿ ಕೆದಕಬೇಡಿ. ಹಿಂದಿನ ರಾತ್ರಿ ಹೊತ್ತಿಗೆ ಎಣ್ಣೆ ಪೂರ್ತಿ ಹೋಗಿರಬೇಕು.

ಇನ್ನೊಂದು, ಉಡದಾರ. ಹರ್ನಿಯಾ, ಅಪೆಂಡಿಕ್ಸ್, ಸಿಸೇರಿಯನ್ ಗಾಯಗಳು ಬರುವುದು ಅದೇ ಸುತ್ತಮುತ್ತ. ಆ ದಾರ ತಿಂಗಳುಗಟ್ಟಲೆ ಬೆವರು ಕುಡಿದಿರುತ್ತದೆ. ಗುಡಿಯಲ್ಲಿ ಕಟ್ಟಿದ ದಾರ, ದರ್ಗಾದ ತಾಯತ, ಕಾಲುಂಗುರ, ಬಳೆಗಳೂ ಅಷ್ಟೇ. ಬಿಚ್ಚುವುದಕ್ಕೆ ಹಿರಿಯರು ಒಪ್ಪುವುದಿಲ್ಲ. ಸಿಸ್ಟರ್ ಬಂದು ಕತ್ತರಿ ಹಾಕಿದರೆ ಇನ್ನೂ ನೋವು. ಮನೆಯಲ್ಲೇ, ಅವರ ಕೈಯಿಂದಲೇ ಬಿಚ್ಚಿಸಿ ದೇವರ ಮುಂದೆ ಇಟ್ಟು ಬಂದರೆ ಜಗಳವೇ ಇರುವುದಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಹೊಸ ದಾರ ಕಟ್ಟಿಕೊಳ್ಳಬಹುದು.

ಕೂದಲಿನ ವಿಷಯಕ್ಕೆ ಬರೋಣ. "ಕ್ಲೀನ್ ಆಗಿ ಶೇವ್ ಮಾಡ್ಕೊಂಡು ಬರ್ರಿ" ಅಂತ ಈಗಲೂ ಕೆಲವು ಕಡೆ ಹೇಳುತ್ತಾರೆ. ಇದು ಹಳೆಯ ಪದ್ಧತಿ. ಬ್ಲೇಡ್ ಎಳೆದ ಚರ್ಮ ಕಣ್ಣಿಗೆ ನುಣುಪು ಕಾಣುತ್ತದೆ ಅಷ್ಟೇ, ಹತ್ತಿರದಿಂದ ನೋಡಿದರೆ ಕುಂಟೆ ಹೊಡೆದ ಹೊಲ. ಆ ಸಣ್ಣ ಸಣ್ಣ ಗೀರುಗಳಲ್ಲಿ ರಾತ್ರಿಯಿಡೀ ರೋಗಾಣು ಬೆಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಕೂದಲು ಅಡ್ಡ ಬರದಿದ್ದರೆ ತೆಗೆಯಲೇಬೇಡಿ, ತೆಗೆಯಲೇಬೇಕಾದರೆ ಕ್ಲಿಪ್ಪರ್ ಮಷೀನಿನಿಂದ ಕತ್ತರಿಸಿ, ಬ್ಲೇಡ್ ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮನೆಯಲ್ಲಿ ಏನೂ ಮಾಡಿಕೊಳ್ಳಬೇಡಿ. ವಾರ್ಡಿನಲ್ಲಿ ಬ್ಲೇಡ್ ಹಿಡಿದು ಬಂದರೆ ವಿನಯದಿಂದಲೇ ಕೇಳಿ: "ಸಿಸ್ಟರ್, ಮಷೀನ್ ಅದ ಏನ್ರೀ? ಇದ್ರ ಅದರಿಂದ ತೆಗೀರಿ." ಕೇಳುವುದು ನಿಮ್ಮ ಹಕ್ಕು. ಯಾರೂ ಬಯ್ಯುವುದಿಲ್ಲ, ಬೈದರೂ ಪರವಾಗಿಲ್ಲ.

ಉಗುರು ಕತ್ತರಿಸಿ. ನೇಲ್ ಪಾಲಿಶ್ ಅಳಿಸಿ.

ಥಿಯೇಟರ್ ಒಳಗೆ ಹೋಗುವ ಮುಂಚೆ

ಇಲ್ಲಿ ನಮ್ಮ ಕೆಲಸ ಕಡಿಮೆ. ಆದರೂ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ನಂಜು ತಡೆಯುವ ಆಂಟಿಬಯೋಟಿಕ್ ಇಂಜೆಕ್ಷನ್‌ಗೆ ಟೈಮೇ ಮುಖ್ಯ. ಸಾಮಾನ್ಯವಾಗಿ ಚರ್ಮ ಕತ್ತರಿಸುವುದಕ್ಕೆ ಮುಂಚಿನ 60 ನಿಮಿಷದೊಳಗೆ ಕೊಡಬೇಕು. ಆಗ ಕತ್ತಿ ತಾಗುವ ಹೊತ್ತಿಗೆ ಔಷಧಿ ಆ ಜಾಗಕ್ಕೆ ತಲುಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ, ಅದರಲ್ಲಿ ಇದೂ ಒಂದು. ಸಿಸೇರಿಯನ್‌ಗೂ ಕತ್ತರಿಸುವ ಮುಂಚೆಯೇ ಕೊಡಬೇಕು. ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ಮೈ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಆ ವಿಷಯವನ್ನು ಡಾಕ್ಟರಿಗೂ ಅರಿವಳಿಕೆ ಕೊಡುವವರಿಗೂ ಹೇಳಿ. ಒಬ್ಬರಿಗೆ ಹೇಳಿ ಸುಮ್ಮನಾಗಬೇಡಿ.

ಜನಕ್ಕೆ ನಂಬಿಸಲು ಕಷ್ಟವಾಗುವ ಮಾತು ಇನ್ನೊಂದಿದೆ. ಸ್ವಚ್ಛ ಆಪರೇಷನ್ ಆಗಿದ್ದರೆ, ಒಳಗೆ ಮೊದಲೇ ನಂಜು ಇರದಿದ್ದರೆ, ಆಮೇಲೆ ಏಳೆಂಟು ದಿನ ಆಂಟಿಬಯೋಟಿಕ್ ಕೊಟ್ಟರೆ ಗಾಯಕ್ಕೆ ಹೆಚ್ಚಿನ ರಕ್ಷಣೆ ಏನೂ ಸಿಗುವುದಿಲ್ಲ. ಭೇದಿ ಬರುತ್ತದೆ, ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತವೆ. "ಡಾಕ್ಟರ್ ಗುಳಿಗೀನೇ ಬರದಿಲ್ಲ" ಅಂತ ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ಬರೆದುಕೊಟ್ಟಿದ್ದರೆ ಬರೆದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ.

ಮೈ ತಣ್ಣಗಾಗಬಾರದು. ದೇಹದ ಶಾಖ 36 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಚರ್ಮದ ರಕ್ತನಾಳ ಮುದುಡುತ್ತವೆ, ನಂಜಿನ ಅಪಾಯ ಜಾಸ್ತಿ. ಹೊರಗೆ ಕಲಬುರಗಿಯ ಮೇ ಬಿಸಿಲು ಇದ್ದರೂ ಥಿಯೇಟರ್ ಒಳಗೆ ಎಸಿ. ಸ್ಟ್ರೆಚರ್ ಮೇಲೆ ಕಾಯುವಾಗ ಚಳಿ ಅನ್ನಿಸಿದರೆ ಕಂಬಳಿ ಕೇಳಿ.

ವಾರ್ಡಿಗೆ ಬಂದ ಮೇಲೆ: ಕೈ

ಇದೊಂದನ್ನು ಸರಿ ಮಾಡಿದರೆ ಅರ್ಧ ಯುದ್ಧ ಗೆದ್ದಂತೆ. ಡಾಕ್ಟರ್, ಸಿಸ್ಟರ್ ಕೈ ತೊಳೆದರಾ ಅಂತ ನೋಡುವ ಮುಂಚೆ ನಮ್ಮ ಕೈ ನೋಡಿಕೊಳ್ಳೋಣ. ರೋಗಿಯ ಜೊತೆ ಇರುವವರು ಉಚ್ಚೆ ಬಾಟಲಿ ಎತ್ತುತ್ತಾರೆ, ನೆಲದ ಮೇಲೆ ಹಾಸಿದ ಚಾಪೆ ಮಡಚುತ್ತಾರೆ, ಮೊಬೈಲ್ ಹಿಡಿಯುತ್ತಾರೆ, ಅದೇ ಕೈಯಲ್ಲಿ ರೊಟ್ಟಿ ಮುರಿದು ತಿನ್ನಿಸುತ್ತಾರೆ, ದಿಂಬು ಸರಿಸುವಾಗ ಪಟ್ಟಿ ಮುಟ್ಟುತ್ತಾರೆ.

ಕೈ ತೊಳೆಯುವ ಕ್ರಮ ಹೀಗೆ. ಬಳೆ, ಗಡಿಯಾರ ಮೇಲೆ ಸರಿಸಿ. ಕೈ ಒದ್ದೆ ಮಾಡಿ ಸೋಪು ಹಚ್ಚಿ. ಅಂಗೈಗೆ ಅಂಗೈ, ಅಂಗೈಯಿಂದ ಇನ್ನೊಂದು ಕೈಯ ಹಿಂಭಾಗ, ಬೆರಳ ಸಂದಿ, ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುವುವುದು, ಕೊನೆಗೆ ಐದೂ ಬೆರಳ ತುದಿ ಕೂಡಿಸಿ ಇನ್ನೊಂದು ಅಂಗೈ ಮೇಲೆ ತಿಕ್ಕುವುದು. ಹೆಬ್ಬೆರಳು ಮತ್ತು ಬೆರಳ ತುದಿ, ಇವೆರಡನ್ನೇ ಜಾಸ್ತಿ ಜನ ಬಿಡುತ್ತಾರೆ. ಗಾಯದ ಹತ್ತಿರ ಮೊದಲು ಹೋಗುವುದೂ ಅವೇ. ಒಟ್ಟು 40ರಿಂದ 60 ಸೆಕೆಂಡ್. ಸ್ಯಾನಿಟೈಸರ್ ಆದರೆ ಅಂಗೈ ತುಂಬ ಹಾಕಿಕೊಂಡು 20ರಿಂದ 30 ಸೆಕೆಂಡ್, ತಾನಾಗಿ ಒಣಗುವ ತನಕ. ಕಣ್ಣಿಗೆ ಕಾಣುವ ಕೊಳೆ ಇದ್ದರೆ, ಶೌಚಕ್ಕೆ ಹೋಗಿ ಬಂದಿದ್ದರೆ ಸೋಪು ನೀರೇ ಬೇಕು.

ಇಷ್ಟೆಲ್ಲ ತೊಳೆದು ಸೆರಗಿಗೋ ಹೆಗಲ ಮೇಲಿನ ಟವೆಲ್ಲಿಗೋ ಒರೆಸಿಕೊಂಡರೆ ಎಲ್ಲ ಹಾಳು. ಆ ಸೆರಗು ಬೆಳಗಿನಿಂದ ನೆಲ, ಬಸ್ಸು, ಮೂಗು ಎಲ್ಲವನ್ನೂ ಕಂಡಿರುತ್ತದೆ. ಕೈಗೇ ಅಂತ ಎರಡು ಸಣ್ಣ ಬಟ್ಟೆ ಬೇರೆ ಇಟ್ಟುಕೊಳ್ಳಿ, ದಿನಾ ಒಗೆಯಿರಿ. ಸೋಪು ನೀರಿನಲ್ಲಿ ನೆನೆಯುತ್ತಾ ಬಿದ್ದಿರಬಾರದು, ತೂತಿರುವ ಡಬ್ಬಿಯಲ್ಲಿಡಿ.

ಪಟ್ಟಿ ಬಿಚ್ಚಲು ಬಂದ ಸಿಬ್ಬಂದಿ ಕೈ ಶುಚಿ ಮಾಡಿಕೊಂಡಿಲ್ಲ ಅನ್ನಿಸಿದರೆ? "ಅಕ್ಕಾರ, ಸ್ಯಾನಿಟೈಜರ್ ಇಲ್ಲೇ ಅದ ನೋಡ್ರಿ" ಅಂತ ಬಾಟಲಿ ಮುಂದೆ ಇಡಿ. ನಗುತ್ತಾ ಹೇಳಿದರೆ ಕೆಲಸ ಆಗುತ್ತದೆ. ಪಕ್ಕದ ರೋಗಿಯನ್ನು ಮುಟ್ಟಿದ ಗ್ಲೌಸಿನಲ್ಲೇ ನಿಮ್ಮ ರೋಗಿಯ ಹತ್ತಿರ ಬಂದರೂ ಕೇಳಬೇಕು. ಹಾಗೆ ಬದಲಿಸದ ಗ್ಲೌಸ್ ಕಾಪಾಡುವುದು ಹಾಕಿಕೊಂಡವರನ್ನು, ನಿಮ್ಮನ್ನಲ್ಲ.

ಪಟ್ಟಿ, ಪೈಪು, ಬಂದವರು

ಥಿಯೇಟರ್‌ನಲ್ಲಿ ಹಾಕಿದ ಪಟ್ಟಿಯನ್ನು ಸಾಮಾನ್ಯವಾಗಿ 48 ಗಂಟೆ ಮುಟ್ಟುವುದಿಲ್ಲ. ಅಷ್ಟರಲ್ಲಿ ಚರ್ಮದ ಅಂಚು ಅಂಟಿಕೊಳ್ಳುತ್ತದೆ. ನೋಡಲು ಬಂದ ನೆಂಟರಿಗೆ "ಎಷ್ಟ್ ಹೊಲಿಗಿ ಬಿದ್ದಾವ ನೋಡು" ಅಂತ ಪಟ್ಟಿಯ ಮೂಲೆ ಎತ್ತಿ ತೋರಿಸುವವರಿದ್ದಾರೆ. ದಯವಿಟ್ಟು ಬೇಡ. ಪಟ್ಟಿ ರಕ್ತದಿಂದಲೋ ಬೆವರಿನಿಂದಲೋ ನೆನೆದರೆ, ಅಂಚು ಎದ್ದರೆ ಸಿಸ್ಟರಿಗೆ ಹೇಳಿ ಬದಲಿಸಿ. ತೆಗೆದ ಹಳೆಯ ಪಟ್ಟಿ ಬಟ್ಟೆ ಆಸ್ಪತ್ರೆಯ ಹಳದಿ ಚೀಲಕ್ಕೆ ಹೋಗಬೇಕು, ಮಂಚದ ಕೆಳಗಲ್ಲ.

ಉಚ್ಚೆ ಪೈಪು ಹಾಕಿದ್ದರೆ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು, ಆದರೆ ನೆಲ ಮುಟ್ಟಬಾರದು. ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಚೀಲವನ್ನು ರೋಗಿಯ ಹೊಟ್ಟೆ ಮೇಲೆ ಇಡುವುದು ದಿನಾ ಕಾಣುವ ದೃಶ್ಯ. ಆಗ ಚೀಲದ ಉಚ್ಚೆ ವಾಪಸ್ ಒಳಗೆ ಹೋಗುತ್ತದೆ, ರೋಗಾಣು ಸಮೇತ. ಚೀಲ ಖಾಲಿ ಮಾಡುವಾಗ ಅದರ ನಳದ ತುದಿ ಡಬ್ಬಿಗೆ ತಾಗಿಸಬೇಡಿ. ದಿನಾ ಬೆಳಿಗ್ಗೆ ರೌಂಡ್ಸಿಗೆ ಬಂದವರನ್ನು ಕೇಳಿ: "ಪೈಪ್ ಇನ್ನೂ ಬೇಕೇನ್ರೀ?" ಪೈಪು ಒಂದು ದಿನ ಹೆಚ್ಚು ಇದ್ದಷ್ಟೂ ಅಪಾಯ ಹೆಚ್ಚು. ಸಲೈನ್ ಸೂಜಿ ಚುಚ್ಚಿದ ಜಾಗ ಕೆಂಪಾದರೆ, ಊದಿದರೆ, ಉರಿದರೆ ತಕ್ಷಣ ಹೇಳಿ ತೆಗೆಸಿ.

ಬಂದವರ ವಿಷಯ. ನಮ್ಮ ಕಡೆ ಆಪರೇಷನ್ ಅಂದರೆ ಅರ್ಧ ಊರು ಕ್ರೂಸರ್ ಮಾಡಿಕೊಂಡು ಬರುತ್ತದೆ. ಬರದಿದ್ದರೆ ವರ್ಷಗಟ್ಟಲೆ ಮಾತು. ಬರಬೇಡಿ ಅನ್ನಲು ಆಗುವುದಿಲ್ಲ, ಆದರೆ ಮಂಚದ ಮೇಲೆ ಕೂರಬೇಡಿ ಅನ್ನಬಹುದು. ಹೊರಗಿನ ಪಡಸಾಲೆಯಲ್ಲಿ ಮನೆಯ ಒಬ್ಬರು ಕೂತು ಬಂದವರನ್ನು ಮಾತಾಡಿಸಲಿ, ಒಳಗೆ ಒಂದು ಸಲಕ್ಕೆ ಒಬ್ಬರು ಹೋಗಿ ಮುಖ ತೋರಿಸಿ ಬರಲಿ. ನೆಗಡಿ, ಜ್ವರ ಇದ್ದವರು ವಿಡಿಯೊ ಕಾಲ್ ಮಾಡಲಿ. ಸಣ್ಣ ಮಕ್ಕಳು ಊರಲ್ಲೇ ಇರಲಿ. ಸಕ್ಕರೆ ಕಾಯಿಲೆಯವರಿಗೆ ತಂದ ಬಿಸ್ಕತ್ತು, ಜ್ಯೂಸು ಬಂದವರಿಗೇ ಹಂಚಿಬಿಡಿ.

ನಂಜು ಗಾಯಕ್ಕೆ ಮಾತ್ರ ಅಲ್ಲ, ಎದೆಗೂ ಆಗುತ್ತದೆ. ನೋವಿಗೆ ಹೆದರಿ ಮಲಗೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಡಾಕ್ಟರ್ ಹೇಳಿದ ದಿನವೇ ಎದ್ದು ಕೂರಿಸಿ, ನಡೆಸಿ. ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಲು ಹೇಳಿ. ಹಲ್ಲುಜ್ಜುವುದು ತಪ್ಪಬಾರದು.

ಪಥ್ಯ ಅನ್ನುವ ಪೀಡೆ

ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ತೊಗರಿ ಬೆಳೆಯುವ ನಾಡು ನಮ್ಮದು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು ಅಂತ ಹೆಮ್ಮೆಪಟ್ಟೆವು. ಅದೇ ಮನೆಗಳಲ್ಲಿ ಆಪರೇಷನ್ ಆದವರಿಗೆ "ಬ್ಯಾಳಿ ತಿಂದ್ರ ಕೀವು ಆಗ್ತದ" ಅಂತ ತಿಂಗಳುಗಟ್ಟಲೆ ಬೇಳೆ ಕೊಡುವುದಿಲ್ಲ. ಬದನೆಕಾಯಿ ನಂಜು, ತತ್ತಿ ನಂಜು, ಮೊಸರು ನಂಜು. ಉಳಿಯುವುದು ಗಂಜಿ, ಬ್ರೆಡ್ಡು, ಚಹಾ.

ಹೊಸ ಚರ್ಮ ಕಟ್ಟುವುದು ಪ್ರೋಟೀನ್‌ನಿಂದ. 100 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಬೇಳೆಗೂ ಕೀವಿಗೂ ಸಂಬಂಧವಿಲ್ಲ. ಪ್ರೋಟೀನ್ ಸಾಲದಿದ್ದರೆ ಗಾಯ ನಿಧಾನವಾಗಿ ಕೂಡುತ್ತದೆ, ತೆರೆದಿದ್ದಷ್ಟು ದಿನ ರೋಗಾಣುವಿಗೆ ಅನುಕೂಲ. ಡಾಕ್ಟರ್ ಊಟ ಶುರು ಮಾಡಿ ಅಂದ ಮೇಲೆ ಮೊದಲು ತೆಳ್ಳನೆ ಬೇಳೆ ಕಟ್ಟು, ಆಮೇಲೆ ಮೆತ್ತನೆ ರೊಟ್ಟಿ ಹಾಲಿನಲ್ಲಿ, ಪುಂಡಿ ಪಲ್ಯ, ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ತತ್ತಿ. ನಿಂಬೆ, ಪೇರಲ, ಕಿತ್ತಳೆ ಇರಲಿ. ಕಿಡ್ನಿ ತೊಂದರೆ ಇದ್ದವರು, ಕರುಳಿನ ಆಪರೇಷನ್ ಆದವರು ಮಾತ್ರ ಏನು, ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ತಿನ್ನಬೇಕು.

ಊರಿಗೆ ಹೋದ ಮೇಲೆ

ಡಿಸ್ಚಾರ್ಜ್ ಆಗುವಾಗ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಪಟ್ಟಿ ಯಾವಾಗ ಬದಲಿಸಬೇಕು, ಎಲ್ಲಿ? ಸ್ನಾನ ಯಾವಾಗಿಂದ? ಹೊಲಿಗೆ ಯಾವಾಗ ಬಿಚ್ಚುವುದು? ರಾತ್ರಿ ತೊಂದರೆ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಪಟ್ಟಿ ಬದಲಿಸಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು, ಪ್ರತಿ ಸಲ ಕಲಬುರಗಿಗೆ ಬರಬೇಕಿಲ್ಲ.

48 ಗಂಟೆ ಆದ ಮೇಲೆ, ಡಾಕ್ಟರ್ ಒಪ್ಪಿದರೆ, ಗಾಯದ ಮೇಲೆ ನೀರು ಹರಿಯಬಹುದು. ಮಗ್‌ನಿಂದ ಸುರಿದು, ತಿಕ್ಕದೆ, ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸಿ. ಬಾವಿ, ಕಾಲುವೆ, ಹೊಳೆಯಲ್ಲಿ ಮುಳುಗು ಹಾಕುವುದು ಗಾಯ ಪೂರ್ತಿ ಮಾಯುವವರೆಗೆ ಬೇಡ. ಗಾಣಗಾಪುರಕ್ಕೆ ಹರಕೆ ಹೊತ್ತಿರುತ್ತೀರಿ. ದರ್ಶನ ಮಾಡಿ ಬನ್ನಿ, ಭೀಮಾ ಅಮರ್ಜಾ ಸಂಗಮದ ಸ್ನಾನ ಮುಂದಿನ ಸಲಕ್ಕೆ ಇರಲಿ. ದತ್ತ ಮಹಾರಾಜರು ಕಾಯುತ್ತಾರೆ.

ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಸುಣ್ಣ, ಪೌಡರ್ ಹಾಕಬೇಡಿ. ಸ್ಪಿರಿಟ್, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ದಿನಾ ಸುರಿಯುವುದೂ ತಪ್ಪು, ಹೊಸದಾಗಿ ಕಟ್ಟುವ ಮಾಂಸವನ್ನೂ ಅವು ಸುಡುತ್ತವೆ.

ಸಿಸೇರಿಯನ್ ಆದ ಬಾಣಂತಿಯ ಗಾಯ ಹೊಟ್ಟೆಯ ಮಡಿಕೆ ಕೆಳಗೆ, ಸದಾ ಬೆವರು. ಬಾಗಿಲು ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡ ಇಟ್ಟು ಲೋಬಾನ ಹೊಗೆ ಹಾಕಿದರೆ ಗಾಯ ಒಣಗುವುದಾದರೂ ಹೇಗೆ? ಗಾಳಿ ಆಡಲಿ. ಲಂಗದ ಲಾಡಿ ಗಾಯದ ಮೇಲೆ ಉಜ್ಜುತ್ತದೆ, ಹಾಗಾಗಿ ಸಡಿಲ ನೈಟಿ ಒಳ್ಳೆಯದು. ದಿನಕ್ಕೆರಡು ಸಲ ಮಡಿಕೆ ಎತ್ತಿ ಒಣಗಿಸಿ. ಎಣ್ಣೆ ತಿಕ್ಕುವ ಅಜ್ಜಿಗೆ ಬೆನ್ನು, ಕಾಲು ಬಿಟ್ಟುಕೊಡಿ, ಹೊಟ್ಟೆ ಬೇಡ.

ಏಪ್ರಿಲ್, ಮೇನಲ್ಲಿ ಆಪರೇಷನ್ ಆದವರು ಬೆವರಿನ ಬಗ್ಗೆ ಹುಷಾರು. 42 ಡಿಗ್ರಿ ಬಿಸಿಲಲ್ಲಿ ಪಟ್ಟಿ ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಒದ್ದೆ. ಒದ್ದೆ ಪಟ್ಟಿ ಇಟ್ಟುಕೊಂಡು ಕೂರಬೇಡಿ. ದನದ ಕೊಟ್ಟಿಗೆ ಕೆಲಸ, ರಾಶಿಯ ಧೂಳು ಗಾಯ ಮಾಯುವ ತನಕ ಬೇರೆಯವರು ನೋಡಿಕೊಳ್ಳಲಿ.

ನಂಜಾಗಿದೆ ಅಂತ ತಿಳಿಯುವುದು ಹೇಗೆ

ದಿನಾ ಒಂದೇ ಹೊತ್ತಿಗೆ, ಒಂದೇ ಬೆಳಕಿನಲ್ಲಿ ಗಾಯದ ಫೋಟೊ ತೆಗೆದಿಡಿ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಫೋಟೊ ಹೇಳುತ್ತದೆ, ನೆನಪು ಹೇಳುವುದಿಲ್ಲ. ಕೆಂಪು ಹರಡುತ್ತಿದೆ ಅನ್ನಿಸಿದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಕೆಲವು ಗಂಟೆಯಲ್ಲಿ ಗೆರೆ ದಾಟಿದರೆ ಹೊರಡಿ.

ಮೊದಲ ಎರಡು ಮೂರು ದಿನ ಸ್ವಲ್ಪ ನೋವು, ಅಂಚಿನಲ್ಲಿ ತಿಳಿ ಕೆಂಪು ಮಾಮೂಲಿ. ಕಡಿಮೆಯಾಗುತ್ತಿದ್ದ ನೋವು ಐದಾರು ದಿನದ ಮೇಲೆ ಮತ್ತೆ ಏರಿದರೆ ಅದು ಮಾಮೂಲಿ ಅಲ್ಲ. ಗಾಯ ಬಿಸಿಯಾಗುವುದು, ಊತ, ಕೀವು, ಕೆಟ್ಟ ವಾಸನೆ, ಹೊಲಿಗೆ ಬಿಡುವುದು, 100.4 ಫ್ಯಾರನ್‌ಹೀಟ್ ಮೇಲಿನ ಜ್ವರ, ಇವುಗಳಲ್ಲಿ ಒಂದಿದ್ದರೂ ಅವತ್ತೇ ತೋರಿಸಿ. ಗಾಯದ ಸುತ್ತ ಚರ್ಮ ಕಪ್ಪಾಗುವುದು, ನೀರುಗುಳ್ಳೆ ಏಳುವುದು, ಕಾಣುವ ಗಾಯಕ್ಕೆ ಮೀರಿದ ಭಯಂಕರ ನೋವು, ಮಂಪರು, ಏದುಸಿರು ಇದ್ದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.

ಸಾಮಾನ್ಯ ಆಪರೇಷನ್‌ಗೆ 30 ದಿನ ಈ ಕಣ್ಣು ಇಟ್ಟಿರಬೇಕು. ಕೀಲು, ರಾಡ್, ಪ್ಲೇಟ್, ಹರ್ನಿಯಾ ಜಾಲರಿ ಹಾಕಿದ್ದರೆ 90 ದಿನ.

ಆಸ್ಪತ್ರೆಗೆ ವಾಪಸ್ ಹೋಗುವಾಗ ಡಿಸ್ಚಾರ್ಜ್ ಕಾರ್ಡು, ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಹಾಳೆ, ಫೋನಿನಲ್ಲಿರುವ ಫೋಟೊಗಳು ಜೊತೆಗಿರಲಿ. ಊರಿನಲ್ಲಿ ಯಾರಿಂದಲೂ ಕೀವು ಒತ್ತಿ ತೆಗೆಸಬೇಡಿ, ಮಧ್ಯದಲ್ಲಿ ಯಾವುದೋ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಂಡು ಹೋಗಬೇಡಿ. ಕೀವಿನ ಸ್ಯಾಂಪಲ್ ಕಲ್ಚರ್‌ಗೆ ಕಳಿಸಿದರೆ ಯಾವ ರೋಗಾಣು, ಅದಕ್ಕೆ ಯಾವ ಔಷಧಿ ಕೆಲಸ ಮಾಡುತ್ತದೆ ಅಂತ ಗೊತ್ತಾಗುತ್ತದೆ. ಮುಂಚೆಯೇ ಔಷಧಿ ಮೈಗೆ ಹೋಗಿದ್ದರೆ ಆ ರಿಪೋರ್ಟ್ ಖಾಲಿ ಬರಬಹುದು. ಅಕಸ್ಮಾತ್ ಹಾಕಿಸಿಕೊಂಡಿದ್ದರೆ ಬಾಟಲಿಯನ್ನೋ ಚೀಟಿಯನ್ನೋ ತಂದು ಡಾಕ್ಟರಿಗೆ ತೋರಿಸಿ.